ಕ್ರಿಸ್‌ಮಸ್ ಊಟಕ್ಕೆ ಒಂದು ತಟ್ಟೆ ಹೆಚ್ಚು

ನಮ್ಮೂರು ಪೆರೇಸಂದ್ರ. ಬೆಂಗಳೂರಿನಿಂದ ಹೈದರಾಬಾದ್ ಕಡೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿದ ಮೇಲೆ, ಬಾಗೇಪಲ್ಲಿಗೆ ಮೊದಲೇ ಸಿಗುತ್ತದೆ. ಗುಡಿಬಂಡೆಗೆ ಹೋಗುವವರು ಇಲ್ಲೇ ಎಡಕ್ಕೆ ತಿರುಗಬೇಕು. ಮನೆಯೊಳಗೆ ಕನ್ನಡ, ಅಂಗಡಿ ಮುಂದೆ ತೆಲುಗು, ಜಗಳಕ್ಕೆ ಎರಡೂ. ಡಿಸೆಂಬರ್ ಅಂದರೆ ನಮಗೆ ಅವರೆಕಾಯಿ ಕಾಲ, ಹಿತಕಿದ ಬೇಳೆ ಸಾರಿನ ಕಾಲ, ಧನುರ್ಮಾಸದಲ್ಲಿ ಚಳಿಗೆ ನಡುಗುತ್ತಾ ದೇವಸ್ಥಾನದ ಹುಗ್ಗಿಗೆ ಕೈಯೊಡ್ಡುವ ಕಾಲ. ಕ್ರಿಸ್‌ಮಸ್ ಅಂತ ನಾನು ಕಂಡಿದ್ದು ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆಯ ಕಡೆ ಹೋದಾಗ ನೇತು ಹಾಕಿರುತ್ತಿದ್ದ ನಕ್ಷತ್ರದ ದೀಪ, ಅಷ್ಟೇ. ನಾನು ಹುಟ್ಟಿದ್ದು ಅದೇ ಆಸ್ಪತ್ರೆಯಲ್ಲಿ. "ನೋಡು, ನಿನ್ನ ಹುಟ್ಟಿದ ಮನೆಗೆ ಸಿಂಗಾರ ಮಾಡವ್ರೆ" ಅಂತ ಅಪ್ಪ ತಮಾಷೆ ಮಾಡುತ್ತಿದ್ದರು.

ಈಗ ನಾವಿರುವುದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಪಕ್ಕದ ಎಸ್‌ಲಿಂಗನ್ ಎಂಬ ಊರಿನಲ್ಲಿ. ನೆಕ್ಕಾರ್ ನದಿಯ ದಂಡೆ, ಮರದ ತೊಲೆಗಳು ಹೊರಗೇ ಕಾಣುವ ಹಳೇ ಮನೆಗಳು, ಊರಿನ ಹಿಂದೆ ಗುಡ್ಡದ ತುಂಬಾ ದ್ರಾಕ್ಷಿ ತೋಟ. ಮೊದಲ ದಿನ ಆ ಗುಡ್ಡ ನೋಡಿ ನನಗೆ ಊರೇ ನೆನಪಾಯಿತು. ನಮ್ಮಪ್ಪ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುತ್ತಿದ್ದವರು. ನಮ್ಮದು ಕಲ್ಲುಕಂಬದ ಮೇಲೆ ಚಪ್ಪರ, ಇಲ್ಲಿನದು ತಂತಿ ಕಟ್ಟಿದ ಸಾಲು. ವಿಡಿಯೊ ಕಾಲ್‌ನಲ್ಲಿ ತೋರಿಸಿದರೆ ಅಪ್ಪ ಕೇಳಿದ ಮೊದಲ ಪ್ರಶ್ನೆ: "ಕಟಿಂಗ್ ಯಾವ ತಿಂಗಳು ಮಾಡ್ತಾರೆ?" ನನಗೇನು ಗೊತ್ತು! ಕೆಳಮನೆಯ ಅಜ್ಜಿಯನ್ನು ಕೇಳಿ ಹೇಳಿದೆ, ಚಳಿಗಾಲದ ಕೊನೆಯಲ್ಲಿ ಅಂತ. ಹಾಗೆ ಶುರುವಾದದ್ದು ಆ ಅಜ್ಜಿಯ ಪರಿಚಯ. ಅಜ್ಜಿಗೆ ಇಲ್ಲಿ ಓಮಾ ಅನ್ನುತ್ತಾರೆ. ನನ್ನ ಮಗಳಿಗೂ ಆಕೆ ಓಮಾನೇ.

ಈ ಊರಿಗೂ ಕನ್ನಡಕ್ಕೂ ಒಂದು ನಂಟಿದೆ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡಿದ್ದು ಇಲ್ಲಿಯೇ. ಬಾಸೆಲ್ ಮಿಷನ್ನಿನಿಂದ 1836ರಲ್ಲಿ ಮಂಗಳೂರಿಗೆ ಬಂದವರು ಅವರು. ಹಿಮ ಬೀಳುವ ನಾಡಿನಲ್ಲಿ ಹುಟ್ಟಿದವರಿಗೆ ಬೆವರು ಸುರಿಯುವ ಮಂಗಳೂರಿನ ಕ್ರಿಸ್‌ಮಸ್ ಹೇಗಿದ್ದಿರಬಹುದು ಅಂತ ಚಳಿಗಾಲ ಬಂದಾಗಲೆಲ್ಲ ಯೋಚಿಸುತ್ತೇನೆ. ಅವರ ಕಾಲದಲ್ಲಿ ವಿಡಿಯೊ ಕಾಲ್ ಎಲ್ಲಿತ್ತು? ಮನೆಯವರ ಕಾಗದ ಬರಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ಪರದೇಶದಲ್ಲಿ ಹಬ್ಬ ಮಾಡುವ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ ಅಂತ ಒಂದು ಸಮಾಧಾನ.

ಬಂದ ಮೊದಲ ವರ್ಷದ ಕತೆ ಹೇಳಿದರೆ ನಗುತ್ತೀರಿ. ಇಲ್ಲಿ ಡಿಸೆಂಬರ್ 24ರ ಮಧ್ಯಾಹ್ನ 2 ಗಂಟೆಗೆ ಅಂಗಡಿಗಳೆಲ್ಲ ಬಾಗಿಲು ಹಾಕಬೇಕು, ಕಾನೂನೇ ಹಾಗಿದೆ. ಆಮೇಲೆ 25, 26 ಎರಡು ದಿನವೂ ಸರ್ಕಾರಿ ರಜೆ. ನಮಗೆ ಇದು ಗೊತ್ತಿರಲಿಲ್ಲ. ನಮ್ಮೂರಲ್ಲಾದರೆ ಹಬ್ಬದ ಸಂಜೆಯೇ ಅಲ್ಲವೇ ವ್ಯಾಪಾರ? ಸಂಜೆ 5ಕ್ಕೆ ಚೀಲ ಹಿಡಿದು ಹೊರಟರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹಾಲಿಲ್ಲ, ಮೊಸರಿಲ್ಲ, ಎರಡೂವರೆ ದಿನ ಕರಿ ಕಾಫಿ, ನಿಂಬೆಹಣ್ಣಿನ ಚಿತ್ರಾನ್ನ. ಎಲ್ಲರ ಮನೆ ಕಿಟಕಿಯಲ್ಲೂ ದೀಪ, ಒಳಗೆ ನಗು. ನಾವು ಮೂವರು ಮಾತ್ರ ಹೊರಗಿನವರು. ಇಲ್ಲಿ ಕ್ರಿಸ್‌ಮಸ್ ಬೀದಿಯಲ್ಲಿ ನಡೆಯುವ ಹಬ್ಬವಲ್ಲ, ಬಾಗಿಲು ಮುಚ್ಚಿಕೊಂಡು ಮನೆಯೊಳಗೆ ಮಾಡುವ ಹಬ್ಬ. ಯಾರಾದರೂ ಒಳಗೆ ಕರೆದರೆ ಮಾತ್ರ ಅದು ನಮಗೆ ಕಾಣುತ್ತದೆ. ಇದನ್ನು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು.

ಮೂರನೆಯ ವರ್ಷದ ಆಷಾಢದಲ್ಲಿ ಅಪ್ಪ ಹೋದರು.

ರಾತ್ರಿ ಎದೆನೋವು ಅಂದರು, ಬೆಳಗಿನ ಜಾವಕ್ಕೆ ಮುಗಿದೇ ಹೋಗಿತ್ತು. ಟಿಕೆಟ್ ಹಿಡಿದು, ಎರಡು ವಿಮಾನ ಬದಲಾಯಿಸಿ ನಾನು ಊರು ಮುಟ್ಟಿದಾಗ ಮೂರನೇ ದಿನದ ಹಾಲುತುಪ್ಪ. ಮುಖ ನೋಡಲಿಲ್ಲ. ಹನ್ನೊಂದನೇ ದಿನ ತೋಟದಲ್ಲಿ ಎಡೆ ಇಟ್ಟರು. ಅಪ್ಪನಿಗೆ ಇಷ್ಟವಾದದ್ದೆಲ್ಲ ಇತ್ತು: ಮುದ್ದೆ, ಹಿತಕಿದ ಬೇಳೆ, ವಡೆ, ಗಸಗಸೆ ಪಾಯಸ. ಎಲ್ಲರೂ ದೂರ ನಿಂತು ಕಾಗೆಗೆ ಕಾದೆವು. ಬೇಲಿ ಮೇಲೆ ಕೂತ ಕಾಗೆ ಎಷ್ಟು ಹೊತ್ತಾದರೂ ಇಳಿಯಲೇ ಇಲ್ಲ. ಗುಂಪಿನಲ್ಲಿ ಯಾರೋ ಹಿರಿಯರು, "ದೂರದ ಮಗಳ ಮೇಲೆ ಆಸೆ ಇಟ್ಕೊಂಡು ಹೋದ ಜೀವ, ಅದಕ್ಕೇ ಮುಟ್ತಾ ಇಲ್ಲ" ಅಂದುಬಿಟ್ಟರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಕೊನೆಗೆ ಕಾಗೆ ಬಂತು ಅಂತಲೂ ಹೇಳಿದರು. ಆದರೆ ನಾನು ಅಷ್ಟರಲ್ಲಿ ತಲೆ ತಗ್ಗಿಸಿದ್ದೆ. ನನ್ನ ಕಣ್ಣಿಗಂತೂ ಅದು ಕಾಣಲಿಲ್ಲ. ಆ ಮಾತು ನನ್ನ ಜೊತೆ ವಿಮಾನ ಹತ್ತಿತು.

ವರ್ಷ ತುಂಬುವವರೆಗೆ ತವರಿನಲ್ಲಿ ಹಬ್ಬವಿಲ್ಲ. ಮದುವೆಯಾಗಿ ಹೋದ ಮಗಳಿಗೆ ಆ ಕಟ್ಟುಪಾಡಿಲ್ಲ ಅಂತ ಎಲ್ಲರೂ ಹೇಳಿದರು. ಆದರೆ ನನಗೇ ಮನಸ್ಸಿರಲಿಲ್ಲ. ಗೌರಿ ಗಣೇಶ ಮಾಡಲಿಲ್ಲ. ದೀಪಾವಳಿಗೆ ಹಣತೆ ಹಚ್ಚಲಿಲ್ಲ. ಐದು ವರ್ಷದ ಮಗಳು ಕೇಳಿದಳು, "ಅಮ್ಮಾ, ತಾತ ಸತ್ತೋದ್ರೆ ನಾವ್ಯಾಕೆ ಕತ್ತಲಲ್ಲಿ ಇರಬೇಕು?" ಉತ್ತರ ಗೊತ್ತಿರಲಿಲ್ಲ. ಬೈದು ಮಲಗಿಸಿದೆ.

ಆದರೆ ಇಲ್ಲಿ ಡಿಸೆಂಬರ್ ತಿಂಗಳು ಮಕ್ಕಳನ್ನು ಬಿಡುವುದಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಅಡ್ವೆಂಟ್ ಅನ್ನುತ್ತಾರೆ. ಹಸಿರು ಎಲೆಯ ಸಿಂಬಿಯ ಮೇಲೆ ನಾಲ್ಕು ಮೇಣದಬತ್ತಿ ಇಟ್ಟು ವಾರಕ್ಕೊಂದರಂತೆ ಹಚ್ಚುತ್ತಾ ಹೋಗುತ್ತಾರೆ. ಇದನ್ನು 1839ರಲ್ಲಿ ಹ್ಯಾಂಬರ್ಗಿನಲ್ಲಿ ಶುರು ಮಾಡಿದ್ದು ವಿಖರ್ನ್ ಎಂಬ ಪಾದ್ರಿ. ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದರಂತೆ. "ಹಬ್ಬ ಯಾವಾಗ, ಹಬ್ಬ ಯಾವಾಗ" ಅಂತ ಪೀಡಿಸುತ್ತಿದ್ದ ಮಕ್ಕಳಿಗೆ ದಿನ ಎಣಿಸಲು ಒಂದು ಹಳೇ ಗಾಡಿಚಕ್ರದ ಮೇಲೆ ಮೇಣದಬತ್ತಿ ನಿಲ್ಲಿಸಿಕೊಟ್ಟರು. ನನ್ನ ಮಗಳ ಶಿಶುವಿಹಾರದಲ್ಲೂ ಅಂಥದೊಂದು ಸಿಂಬಿ. ದಿನಾ ಬಂದು ವರದಿ ಒಪ್ಪಿಸುತ್ತಿದ್ದಳು, "ಇವತ್ತು ಎರಡನೇದು ಹಚ್ಚಿದ್ವಿ."

ಡಿಸೆಂಬರ್ 6 ಸಂತ ನಿಕೊಲಾಸರ ದಿನ. ಹಿಂದಿನ ರಾತ್ರಿ ಮಕ್ಕಳು ಬೂಟು ತೊಳೆದು ಬಾಗಿಲ ಹೊರಗಿಟ್ಟರೆ ಬೆಳಗ್ಗೆ ಅದರಲ್ಲಿ ತಿಂಡಿ ಇರುತ್ತದೆ. ಮಗಳು ನನಗೆ ಹೇಳದೆ ತಾನೇ ಬೂಟು ತೊಳೆದು ಮೆಟ್ಟಿಲ ಬಳಿ ಇಟ್ಟಿದ್ದಾಳೆ. ನಾನು ನೋಡಿಯೂ ಸುಮ್ಮನಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಬೂಟಿನ ತುಂಬಾ ಅಕ್ರೋಟು, ಎರಡು ಕಿತ್ತಳೆ, ಒಂದು ಚಾಕೊಲೇಟ್! ಕೆಳಮನೆಯ ಓಮಾ ನಮ್ಮ ಬಾಗಿಲ ತನಕ ಮೆಟ್ಟಿಲು ಹತ್ತಿ ಬಂದಿದ್ದರು. ಎಂಬತ್ತು ದಾಟಿದ, ಮಂಡಿನೋವಿನ ಹೆಂಗಸು. ಮಗಳ ಮುಖ ನೋಡಿ ನನಗೆ ನಾಚಿಕೆಯಾಯಿತು.

ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ಪೋಲಿಷ್ ಗೆಳತಿ ಇದ್ದಾಳೆ, ಆಸ್ಪತ್ರೆಯಲ್ಲಿ ನರ್ಸ್. ಅವಳ ಮಗನೂ ನನ್ನ ಮಗಳೂ ಒಂದೇ ಶಿಶುವಿಹಾರ. ಅವಳು ಬಂದು ಕರೆದಳು: "24ರ ಸಂಜೆ ನಮ್ಮಲ್ಲಿಗೆ ಬನ್ನಿ. ಮಾಂಸ ಇರೋದಿಲ್ಲ. ಒಂದೇ ಕೆಲಸ, ನೀನು ಗಸಗಸೆಯಲ್ಲಿ ಏನಾದರೂ ಮಾಡಿಕೊಂಡು ಬಾ." ಗಸಗಸೆನಾ ಅಂತ ಬೆಚ್ಚಿದೆ. ಪೋಲೆಂಡಿನಲ್ಲಿ ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟಕ್ಕೆ ವಿಗಿಲಿಯಾ ಅಂತ ಹೆಸರು. ಅದಕ್ಕೆ ಗಸಗಸೆ ಬೇಕೇ ಬೇಕಂತೆ. ಸಾಂಪ್ರದಾಯಿಕವಾಗಿ ಹನ್ನೆರಡು ಬಗೆ ಅಡುಗೆ, ಯೇಸುವಿನ ಹನ್ನೆರಡು ಶಿಷ್ಯರ ಲೆಕ್ಕ. "ಹನ್ನೊಂದು ನಾನು ಮಾಡ್ತೀನಿ, ಹನ್ನೆರಡನೇದು ನಿನ್ನದು" ಅಂದಳು.

ಅವಳಿಗೆ ಹೂಂ ಅನ್ನಲೂ ಆಗದೆ, ಊಹೂಂ ಅನ್ನಲೂ ಆಗದೆ ಊರಿಗೆ ಫೋನ್ ಮಾಡಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು ಹೇಳಿದರು, "ನಮ್ಮನೆ ಹಬ್ಬ ನಾವು ಮಾಡಂಗಿಲ್ಲ, ಸರಿ. ಇನ್ನೊಬ್ಬರ ಮನೇಲಿ ಊಟಕ್ಕೆ ಕರೆದ್ರೆ ಹೋಗಬಾರದು ಅಂತ ಯಾರು ಹೇಳಿದ್ದು ನಿಂಗೆ? ನಿಮ್ಮಪ್ಪ ಕರೆದೋರ ಮನೆಗೆ ಹೋಗದೆ ಇದ್ದಿದ್ದು ಯಾವತ್ತಾದ್ರೂ ನೋಡಿದ್ಯಾ? ಕರೀದೆ ಇದ್ದೋರನ್ನೂ ಎಳಕೊಂಡು ಬರ್ತಿದ್ದ ಮನುಷ್ಯ. ಹೋಗ್ ಬಾ."

ಅಮ್ಮ ಹೇಳಿದ್ದು ನಿಜ. ಒಂದು ಯುಗಾದಿ ದಿನ ನಮ್ಮ ತೋಟದ ಎದುರು ಹೆದ್ದಾರಿಯಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು. ಯಾವುದೋ ಉತ್ತರದ ರಾಜ್ಯದ ಲಾರಿ. ಡ್ರೈವರ್‌ಗೆ ನಮ್ಮ ಭಾಷೆ ಬಾರದು, ಅಪ್ಪನಿಗೆ ಹಿಂದಿ ಬಾರದು. ಆದರೂ ಕರೆತಂದು ಕೂರಿಸಿ ಹೋಳಿಗೆ ಹಾಕಿಸಿದರು. "ಹಬ್ಬದ ದಿನ ರಸ್ತೆ ಮೇಲೆ ಹಸ್ಕೊಂಡು ಕೂತಿದ್ರೆ ನಮಗೆ ಹೋಳಿಗೆ ಇಳೀತದಾ?" ಅಂದಿದ್ದರು.

24ರ ಬೆಳಗ್ಗೆ ಪಾಯಸಕ್ಕೆ ಕೂತೆ. ದುಬೈನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಅಲ್ಲಿಗೆ ಗಸಗಸೆ ಒಯ್ಯುವುದೇ ನಿಷೇಧ ಅಂತ ಗೋಳಾಡುತ್ತಾಳೆ. ಇಲ್ಲಿ ಹಾಗಿಲ್ಲ, ಯಾವ ಅಂಗಡಿಯಲ್ಲೂ ಸಿಗುತ್ತದೆ. ಆದರೆ ನಮ್ಮದು ಬಿಳಿ ಗಸಗಸೆ, ಇಲ್ಲಿನದು ನೀಲಿ ಕಪ್ಪು. ಕಾಲು ಬಟ್ಟಲು ಗಸಗಸೆ, ಎರಡು ಚಮಚ ಅಕ್ಕಿ ಬೇರೆಬೇರೆ ಘಮ್ಮೆನ್ನುವಂತೆ ಹುರಿದು, ಬಿಸಿನೀರಲ್ಲಿ ನೆನೆಸಿ, ಒಂದು ಬಟ್ಟಲು ಕಾಯಿತುರಿ, ಏಲಕ್ಕಿ ಜೊತೆ ನುಣ್ಣಗೆ ರುಬ್ಬಿ, ಬೆಲ್ಲದ ನೀರಿನಲ್ಲಿ ಕುದಿಸಿ, ಆರಿದ ಮೇಲೆ ಹಾಲು. ಅಮ್ಮ ಕಲಿಸಿದ ಕ್ರಮ ಒಂದೂ ಬಿಡಲಿಲ್ಲ. ರುಚಿ ಅದೇ, ಬಣ್ಣ ಮಾತ್ರ ಸಿಮೆಂಟು! ನಮ್ಮನೆಯವರು ಇಣುಕಿ ನೋಡಿ, "ಗೋಡೆ ಕಟ್ಟೋಕಾ?" ಅಂದರು. ಐದು ತಿಂಗಳ ಮೇಲೆ ಅಡುಗೆಮನೆಯಲ್ಲಿ ನಾನು ನಕ್ಕೆ.

ವಿಗಿಲಿಯಾ ಊಟಕ್ಕೆ ಕೂರುವುದು ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ. ಅದನ್ನು ಹುಡುಕುವುದು ಮಕ್ಕಳ ಕೆಲಸ. ಇಲ್ಲಿ ಆ ಹೊತ್ತಿಗೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮಕ್ಕಳಿಬ್ಬರೂ ಕಿಟಕಿಗೆ ಮೂಗು ಒತ್ತಿ ನಿಂತರು. ಹಿಮವಿಲ್ಲ, ಬರೀ ಜಿಟಿಜಿಟಿ ಮಳೆ, ಆಕಾಶದ ತುಂಬಾ ಮೋಡ. ಐದಾಯಿತು, ಐದೂಕಾಲಾಯಿತು, ನಕ್ಷತ್ರವಿಲ್ಲ. ಹಸಿವಿಗೆ ಅಳು ಶುರುವಾಗುವ ಹೊತ್ತಿಗೆ ಮಗಳು ಕೂಗಿದಳು, "ಸಿಕ್ತು! ಅಲ್ಲಿ!" ಅವಳು ತೋರಿಸಿದ್ದು ಮೇಲಕ್ಕಲ್ಲ, ಕೆಳಕ್ಕೆ. ಓಮಾ ಮನೆಯ ಬಾಲ್ಕನಿಯಲ್ಲಿ ಹೊತ್ತಿದ ಕಾಗದದ ನಕ್ಷತ್ರ. ಹೆರ್ನ್‌ಹೂಟ್ ನಕ್ಷತ್ರ ಅನ್ನುತ್ತಾರೆ, ಮೈಯೆಲ್ಲ ಮೊನೆ. ನಮ್ಮ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಕಂಡಿದ್ದ ದೀಪದ ಅಕ್ಕನಂತಿತ್ತು. ದೊಡ್ಡವರೆಲ್ಲ ಮುಖ ಮುಖ ನೋಡಿಕೊಂಡೆವು. ಗೆಳತಿಯ ಗಂಡ ತೀರ್ಪು ಕೊಟ್ಟ, "ನಡೆಯುತ್ತೆ, ಕೂರೋಣ."

ಆಗಲೇ ಗೆಳತಿ ಕೇಳಿದಳು, "ಓಮಾ ಮನೇಲಿ ಇದ್ದಾರಾ? ಮಗನ ಮನೆಗೆ ಹೋಗ್ತೀನಿ ಅಂದಿದ್ದರಲ್ಲ?" ನಮಗೂ ಗೊತ್ತಿರಲಿಲ್ಲ.

ಅವಳ ಮೇಜು ನೋಡಬೇಕಿತ್ತು ನೀವು. ಬಿಳಿ ಬಟ್ಟೆ, ಅದರ ಕೆಳಗೆ ಒಂದಿಷ್ಟು ಒಣಹುಲ್ಲು, ಯೇಸು ಹುಟ್ಟಿದ ಗೋದಲಿಯ ನೆನಪಿಗೆ. ಬೀಟ್‌ರೂಟಿನ ಕೆಂಪು ಸಾರು, ಅದರಲ್ಲಿ ಅಣಬೆ ತುಂಬಿದ ಪುಟ್ಟ ಕಡುಬು. ಅದಕ್ಕೆ ಅವರ ಭಾಷೆಯಲ್ಲಿ 'ಚಿಕ್ಕ ಕಿವಿ' ಅಂತ ಹೆಸರು. ಎಲೆಕೋಸು ತುಂಬಿ ಬೇಯಿಸಿದ ಪಿಯರೋಗಿ, ಥೇಟ್ ನಮ್ಮ ಕರ್ಜಿಕಾಯಿ ಆಕಾರ. ಕರಿದ ಕಾರ್ಪ್ ಮೀನು. ನಮ್ಮ ಕೆರೆಗಳಿಗೆ ಬಿಡುವ ಸಾಮಾನ್ಯ ಗೆಂಡೆ ಇದೇ. ಗಸಗಸೆ ತುಂಬಿದ ಸುರುಳಿ ರೊಟ್ಟಿ, ಒಣಹಣ್ಣು ಕುದಿಸಿದ ಪಾನಕ. ಊಟಕ್ಕೆ ಮೊದಲು ಒಪ್ವಾಟೆಕ್ ಎಂಬ ಕಾಗದದಷ್ಟು ತೆಳ್ಳನೆಯ ಬಿಳಿ ಹಪ್ಪಳ. ಪ್ರತಿಯೊಬ್ಬರೂ ಇನ್ನೊಬ್ಬರ ಕೈಯಿಂದ ಒಂದು ಚೂರು ಮುರಿದುಕೊಂಡು ಒಳ್ಳೆಯ ಮಾತು ಹೇಳಬೇಕು. ಸಂಕ್ರಾಂತಿಗೆ ಎಳ್ಳು ಬೀರಿ ಒಳ್ಳೆ ಮಾತಾಡು ಅನ್ನುತ್ತೇವಲ್ಲ, ಹಾಗೇ.

ನಾನು ತಟ್ಟೆ ಎಣಿಸಿದೆ. ನಾವು ಮೂವರು, ಅವರು ಮೂವರು. ತಟ್ಟೆ ಏಳು. ಏಳನೆಯದಕ್ಕೂ ಚಮಚ, ಲೋಟ, ಕುರ್ಚಿ ಎಲ್ಲ ಇಟ್ಟಿದ್ದಾಳೆ. "ಇನ್ನಾರು ಬರ್ತಾರೆ?" ಅಂತ ಕೇಳಿದೆ. "ಯಾರೂ ಇಲ್ಲ. ಇದು ಖಾಲಿ ತಟ್ಟೆ. ಈ ರಾತ್ರಿ ದಾರಿತಪ್ಪಿ ಯಾರಾದರೂ ಬಂದರೆ ಜಾಗ ಇರಬೇಕು. ನಮ್ಮಜ್ಜಿ ಮಾತ್ರ, ಈ ವರ್ಷ ಮನೆಯಿಂದ ಹೋದವರಿಗೆ ಅಂತ ಹೇಳುತ್ತಿದ್ದಳು" ಅಂದಳು. ಆಮೇಲೆ ನನ್ನ ಕೈ ಹಿಡಿದು ಮೆಲ್ಲಗೆ, "ಈ ಸಲ ಅದು ನಿಮ್ಮಪ್ಪನಿಗೆ" ಅಂದಳು.

ಎಡೆ ಅನ್ನುವ ಮಾತಿಗೆ ಅವಳ ಭಾಷೆಯಲ್ಲಿ ಏನನ್ನುತ್ತಾರೋ ನನಗೆ ಗೊತ್ತಿಲ್ಲ. ಎದ್ದು ಹೋಗಿ ಪಾಯಸದ ಪಾತ್ರೆ ತಂದು ಮೊದಲ ಸೌಟು ಆ ತಟ್ಟೆಯ ಬಟ್ಟಲಿಗೆ ಹಾಕಿದೆ. ಕೈ ನಡುಗುತ್ತಿತ್ತು. ಯಾರೂ ಏನೂ ಕೇಳಲಿಲ್ಲ.

ಊಟ ಶುರು ಮಾಡುವ ಮೊದಲು ನಮ್ಮನೆಯವರು ಎದ್ದರು. "ಒಂದ್ನಿಮಿಷ, ಕೆಳಗೆ ನೋಡಿ ಬರ್ತೀನಿ" ಅಂದು ಇಳಿದು ಹೋದರು. ಐದು ನಿಮಿಷದ ಮೇಲೆ ಓಮಾ ಅವರ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಮಗನ ಮನೆಯಲ್ಲಿ ಎಲ್ಲರಿಗೂ ಜ್ವರವಂತೆ, ಬರಬೇಡಿ ಅಂದಿದ್ದಾರೆ. ಗಂಡ ಹೋದ ಮೇಲೆ ಒಬ್ಬರೇ ಕಳೆಯುತ್ತಿದ್ದ ಮೊದಲ ಕ್ರಿಸ್‌ಮಸ್ ಸಂಜೆ. ಯಾರಿಗೂ ಹೇಳದೆ ನಕ್ಷತ್ರ ಹೊತ್ತಿಸಿ ಕೂತಿದ್ದರು. ಈ ಕಡೆ ಬಹಳ ಮನೆಗಳಲ್ಲಿ ಆ ರಾತ್ರಿಯ ಊಟ ಸಾಸೇಜು, ಆಲೂಗಡ್ಡೆ ಸಲಾಡು. ಸಲಾಡಿನ ಬೋಗುಣಿ ಮಾತ್ರ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಬರಿಗೈಲಿ ಬರಬಾರದು ಅನ್ನುವುದು ಎಲ್ಲ ದೇಶದ ಅಜ್ಜಿಯರಿಗೂ ಗೊತ್ತು.

ಕೂರಲು ಇದ್ದದ್ದು ಒಂದೇ ಕುರ್ಚಿ. ಗೆಳತಿ ನನ್ನ ಮುಖ ನೋಡಿದಳು. ನಾನೇ ಕುರ್ಚಿ ಎಳೆದು ಕೂರಿಸಿದೆ. ಓಮಾ ಎಲ್ಲ ಬಿಟ್ಟು ಮೊದಲು ಆ ಸಿಮೆಂಟು ಬಣ್ಣದ ಪಾಯಸಕ್ಕೇ ಚಮಚ ಹಾಕಿದರು. ಒಂದು ಗುಟುಕು, ಇನ್ನೊಂದು ಗುಟುಕು. ಬಟ್ಟಲು ಖಾಲಿ. "ಇನ್ನಿದೆಯಾ?" ಅಂತ ಕೇಳಿದರು.

ನಾನು ಪಾಯಸ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅತ್ತೆ. ಆಷಾಢದಲ್ಲಿ ಬಾರದಿದ್ದ ಅಳು ಅದು. ಕಾಗೆಯ ವಿಷಯ ಮಾತ್ರ ಓಮಾಗೆ ಇವತ್ತಿನವರೆಗೂ ಹೇಳಿಲ್ಲ!

ಊಟವಾದ ಮೇಲೆ ಗೆಳತಿಯ ಮಗ ಒಂದು ಸುದ್ದಿ ಹೇಳಿದ. ಈ ರಾತ್ರಿ ಹನ್ನೆರಡಕ್ಕೆ ದನಕರು, ಪ್ರಾಣಿಗಳೆಲ್ಲ ಮನುಷ್ಯರ ಮಾತಾಡುತ್ತವಂತೆ, ಪೋಲೆಂಡಿನ ಹಳ್ಳಿಗಳಲ್ಲಿ ಹಾಗೆ ನಂಬಿಕೆ. ಮಗಳಿಗೆ ಒಂದೇ ಚಿಂತೆ, "ತಾತನ ಸೀಮೆಹಸು ಕನ್ನಡ ಮಾತಾಡುತ್ತಾ, ತೆಲುಗಾ?" "ಕೊಟ್ಟಿಗೇಲಿ ಕನ್ನಡ, ಡೈರಿ ಹತ್ರ ತೆಲುಗು" ಅಂದರು ನಮ್ಮನೆಯವರು. ಗಸಗಸೆ ತನ್ನ ಕೆಲಸ ಮಾಡಿತ್ತು. ಹನ್ನೆರಡಕ್ಕೆ ಮೊದಲೇ ಮಕ್ಕಳು, ಓಮಾ, ಎಲ್ಲರೂ ತೂಕಡಿಸುತ್ತಿದ್ದರು.

ಮನೆಗೆ ಇಳಿದು ಬಂದ ಮೇಲೆ ಒಂದು ಹಣತೆ ಹಚ್ಚಿದೆ. ದೀಪಾವಳಿಗೆ ತಂದು ಕಟ್ಟಿಟ್ಟದ್ದು. ಹಬ್ಬಕ್ಕೆ ಅಂತಲ್ಲ, ಮಗಳ ಪ್ರಶ್ನೆಗೆ.

ಹೊರದೇಶದಲ್ಲಿರುವ ನಮ್ಮಂಥವರಿಗೆ ಒಂದು ಮಾತು. ಹಬ್ಬದ ದಿನ ನಮ್ಮವರೇ ನಾಲ್ಕು ಜನ ಸೇರುವುದು ಸಂತೋಷವೇ. ಆದರೆ ಪಕ್ಕದ ಬಾಗಿಲಿನವರು ಕರೆದಾಗ, ಅದು ನಮ್ಮ ಹಬ್ಬ ಅಲ್ಲ ಅಂತ ಹಿಂಜರಿಯಬೇಡಿ. ನಿಮ್ಮ ಮನೆ ಊಟಕ್ಕೂ ಒಂದು ತಟ್ಟೆ ಹೆಚ್ಚಿಗೆ ಇಡಿ. ಮೇಲಿನ ಮನೆ, ಕೆಳಗಿನ ಮನೆಯಲ್ಲಿ ದೀಪ ಹಚ್ಚಿಕೊಂಡು ಒಬ್ಬರೇ ಕೂತವರು ಇದ್ದೇ ಇರುತ್ತಾರೆ.

ಮಾರನೇ ದಿನ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಖಾಲಿ ತಟ್ಟೆಯ ಕತೆ, ಅದರಲ್ಲಿ ಓಮಾ ಕೂತು ಉಂಡ ಕತೆ. ಪೆರೇಸಂದ್ರದಲ್ಲಿ ಆಗ ಮಧ್ಯಾಹ್ನ. ಹಿಂದೆ ಹಸು ಕೂಗುವುದು ಕೇಳಿಸುತ್ತಿತ್ತು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು:

"ಆಯಮ್ಮ ಹೊಟ್ಟೆ ತುಂಬಾ ಉಂಡ್ರಾ?"

"ಪಾಯಸ ಎರಡು ಸಲ ಹಾಕಿಸ್ಕೊಂಡ್ರಮ್ಮ."

"ಹಂಗಾದ್ರೆ ನಿಮ್ಮಪ್ಪಂಗೂ ಮುಟ್ಟೈತೆ ಬಿಡು."